ಪೀಠವನ್ನಿಳಿದ ಗುರು

ಗುರುವು ಶಿಷ್ಯನಿಗೆ ಕಲಿಸುವ ಪಾಠಗಳಲ್ಲಿ ಕೆಲವು ಗ್ರಂಥದಿಂದ ಬರುತ್ತವೆ, ಕೆಲವು ನಡತೆಯಿಂದ ಬರುತ್ತವೆ. ಇವೆರಡಕ್ಕೂ ಮಿಗಿಲಾದ ಇನ್ನೊಂದು ಪಾಠವುಂಟು. ಅದನ್ನು ಗುರುವು ತನ್ನ ಆಯುಷ್ಯದ ಕೊನೆಯಲ್ಲಿ, ಒಂದೇ ಒಂದು ಸಲ ಮಾತ್ರ ಕಲಿಸಬಲ್ಲನು. ಅದಕ್ಕೆ ಓಲೆಗರಿಯೂ ಬೇಡ, ವ್ಯಾಖ್ಯಾನವೂ ಬೇಡ. ಕಲಿಸುವವನ ದೇಹವೇ ಅಲ್ಲಿ ಗ್ರಂಥ, ಬಳಿಯಲ್ಲಿ ಕುಳಿತು ಸೇವೆ ಮಾಡುವವನೇ ಅದರ ಓದುಗ.

ಶ್ರವಣಬೆಳಗೊಳದ ನಿಷಿಧಿ ಶಾಸನಗಳನ್ನು ಬಲ್ಲವರಿಗೆ ಇಂಥ ಗುರುಶಿಷ್ಯರ ಹೆಸರುಗಳು ಹೊಸವಲ್ಲ. 1115ರಲ್ಲಿ ಸಮಾಧಿಯನ್ನು ಹೊಂದಿದ ಮೇಘಚಂದ್ರ ತ್ರೈವಿದ್ಯದೇವರನ್ನೂ, 1123ರಲ್ಲಿ ಸಮಾಧಿಯನ್ನು ಹೊಂದಿದ ಶುಭಚಂದ್ರ ಸಿದ್ಧಾಂತದೇವರನ್ನೂ ಅವರ ಶಿಷ್ಯರು ಕಲ್ಲಿನಲ್ಲಿ ಸ್ಮರಿಸಿದ್ದಾರೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಶುಭಚಂದ್ರದೇವರ ಗುಡ್ಡನೆಂದು ಹೇಳಿಕೊಳ್ಳುವುದರಲ್ಲಿಯೇ ಹೆಮ್ಮೆ ಪಟ್ಟವನು. ಆದರೆ ಶಾಸನವು ಗುರುವಿನ ಪಾಂಡಿತ್ಯವನ್ನು ಹೇಳುತ್ತದೆ, ತಿಥಿಯನ್ನು ಹೇಳುತ್ತದೆ, ಕಲ್ಲು ನಿಲ್ಲಿಸಿದವನ ಹೆಸರನ್ನು ಹೇಳುತ್ತದೆ. ಕೊನೆಯ ದಿನಗಳಲ್ಲಿ ಗುರುವಿಗೂ ಶಿಷ್ಯನಿಗೂ ನಡುವೆ ನಡೆದುದನ್ನು ಹೇಳುವುದಿಲ್ಲ. ಎಂಟು ಶತಮಾನಗಳ ತರುವಾಯ, ಜನರ ಕಣ್ಣೆದುರಿಗೇ ನಡೆದ ಒಂದು ಪ್ರಸಂಗವು ಆ ಕೊರತೆಯನ್ನು ತುಂಬಿಕೊಡುತ್ತದೆ. ಅದು ನಡೆದುದು ರಾಜಸ್ಥಾನದ ಅಜ್ಮೀರದ ಬಳಿಯ ನಸೀರಾಬಾದಿನಲ್ಲಿ, 1972 ಮತ್ತು 1973ರಲ್ಲಿ. ಗುರುಗಳು ಆಚಾರ್ಯ ಶ್ರೀ ಜ್ಞಾನಸಾಗರ ಮಹಾರಾಜರು. ಶಿಷ್ಯರು ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿ, ಕನ್ನಡವನ್ನೇ ಮಾತೃಭಾಷೆಯಾಗಿ ಪಡೆದ ಮುನಿಶ್ರೀ ವಿದ್ಯಾಸಾಗರರು.

ಜ್ಞಾನಸಾಗರರ ಪೂರ್ವಾಶ್ರಮದ ಹೆಸರು ಭೂರಾಮಲ. 1891ರಲ್ಲಿ ರಾಜಸ್ಥಾನದ ಸೀಕರ ಜಿಲ್ಲೆಯ ರಾಣೋಲಿ ಗ್ರಾಮದಲ್ಲಿ ಅವರ ಜನನವಾಯಿತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮನೆಯಲ್ಲಿ ಬಡತನ; ಅಣ್ಣನೊಡನೆ ಗಯೆಗೆ ಹೋಗಿ ಅಲ್ಲಿಯ ಜೈನ ವರ್ತಕರೊಬ್ಬರ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಅಂಗಡಿಯ ಗಲ್ಲೆಗಿಂತ ಗ್ರಂಥವೇ ಅವರನ್ನು ಹೆಚ್ಚು ಸೆಳೆಯಿತು. ವಾರಾಣಸಿಯ ಸ್ಯಾದ್ವಾದ ಮಹಾವಿದ್ಯಾಲಯವು ಸ್ಥಾಪನೆಯಾಗಿ ಕೆಲವೇ ವರ್ಷಗಳಾಗಿದ್ದ ಆ ಕಾಲದಲ್ಲಿ ತರುಣ ಭೂರಾಮಲರು ಅಲ್ಲಿಗೆ ತಲುಪಿದರು. ಪರರ ಹಂಗಿನಲ್ಲಿ ಉಣ್ಣಲೊಲ್ಲದೆ, ಗಂಗೆಯ ಘಟ್ಟದಲ್ಲಿ ಸ್ನಾನಕ್ಕೆ ಬರುವವರಿಗೆ ಅಂಗವಸ್ತ್ರಗಳನ್ನು ಮಾರಿ, ಅದರಿಂದ ಬಂದ ಕಾಸಿನಲ್ಲಿ ಊಟದ ವೆಚ್ಚವನ್ನು ನಡೆಸಿಕೊಂಡರೆಂದು ಅವರ ಚರಿತ್ರೆಯನ್ನು ಬರೆದವರೆಲ್ಲರೂ ಸ್ಮರಿಸುತ್ತಾರೆ. ಬಟ್ಟೆಯನ್ನು ಮಾರಿದರು, ವಿದ್ಯೆಯನ್ನು ಮಾರಲಿಲ್ಲ. ಊರಿಗೆ ಮರಳಿದ ಮೇಲೆ ವ್ಯಾಪಾರದಿಂದ ಜೀವನ ನಡೆಸುತ್ತ, ಪಾಠವನ್ನು ಪ್ರತಿಫಲವಿಲ್ಲದೆ ಹೇಳಿದರು. ಮದುವೆಯಾಗದೆ ಉಳಿದು ಸಂಸ್ಕೃತದಲ್ಲಿ ಜಯೋದಯ, ವೀರೋದಯ, ಸುದರ್ಶನೋದಯ ಮೊದಲಾದ ಕಾವ್ಯಗಳನ್ನು ರಚಿಸಿದರು. ಇಪ್ಪತ್ತೆಂಟು ಸರ್ಗಗಳ ಜಯೋದಯ ಮಹಾಕಾವ್ಯವು ಜಯಕುಮಾರ ಸುಲೋಚನೆಯರ ಕಥೆ. ಇಷ್ಟೆಲ್ಲ ಸಾಧಿಸಿದ ಪಂಡಿತರು 1959ರಲ್ಲಿ, ಅರುವತ್ತೆಂಟರ ವಯಸ್ಸಿನಲ್ಲಿ, ಜಯಪುರದ ಖಾನಿಯಾದಲ್ಲಿ ಆಚಾರ್ಯ ಶಿವಸಾಗರರಿಂದ ಮುನಿದೀಕ್ಷೆಯನ್ನು ಪಡೆದು ಜ್ಞಾನಸಾಗರರಾದರು.

ಇತ್ತ 1946ರ ಅಕ್ಟೋಬರ್ 10ರಂದು, ಶರತ್ಕಾಲದ ಹುಣ್ಣಿಮೆಯ ದಿನ, ಸದಲಗದ ಮಲ್ಲಪ್ಪ ಅಷ್ಟಗೆ ಮತ್ತು ಶ್ರೀಮಂತಿಯವರ ಮಗನಾಗಿ ವಿದ್ಯಾಧರನು ಜನಿಸಿದನು. ಅವನ ಶಾಲೆಯ ಓದು ಕನ್ನಡದಲ್ಲಿ, ಒಂಬತ್ತನೆಯ ತರಗತಿಯವರೆಗೆ. ಬಾಲ್ಯದಲ್ಲಿ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರ ಉಪದೇಶವನ್ನು ಕೇಳಿದ ಹುಡುಗನ ಮನಸ್ಸಿನಲ್ಲಿ ವೈರಾಗ್ಯದ ಬೀಜ ಬಿದ್ದಿತು. ಇಪ್ಪತ್ತರ ಹರೆಯದಲ್ಲಿ ಮನೆಯನ್ನು ಬಿಟ್ಟು ಜಯಪುರಕ್ಕೆ ಹೋಗಿ ಆಚಾರ್ಯ ದೇಶಭೂಷಣರಿಂದ ಬ್ರಹ್ಮಚರ್ಯ ವ್ರತವನ್ನು ಪಡೆದನು. 1967ರ ಗೊಮ್ಮಟೇಶ್ವರನ ಮಹಾಮಸ್ತಕಾಭಿಷೇಕದ ಕಾಲದಲ್ಲಿ ಅದೇ ಸಂಘದೊಡನೆ ಶ್ರವಣಬೆಳಗೊಳದಲ್ಲಿದ್ದನು. ಆಮೇಲೆ ವಿದ್ಯಾರ್ಜನೆಯ ಹಂಬಲ ಅವನನ್ನು ಮತ್ತೆ ರಾಜಸ್ಥಾನಕ್ಕೆ, ಜ್ಞಾನಸಾಗರರ ಬಳಿಗೆ ಕರೆದೊಯ್ದಿತು.

ಮೊದಲ ಭೇಟಿಯ ಸಂಗತಿ ಪ್ರಸಿದ್ಧವಾದುದು. ಹೆಸರನ್ನು ಕೇಳಿದ ವೃದ್ಧ ಗುರುಗಳು, ವಿದ್ಯಾಧರರೆಂದರೆ ಆಕಾಶದಲ್ಲಿ ಹಾರುವವರಲ್ಲವೆ, ವಿದ್ಯೆ ಕಲಿತ ಮೇಲೆ ಈತನೂ ಹಾರಿಹೋದರೇನು ಗತಿ ಎಂಬರ್ಥದ ಮಾತನ್ನಾಡಿದರಂತೆ. ತರುಣನು ವಾದ ಮಾಡಲಿಲ್ಲ, ಆಣೆಯಿಡಲಿಲ್ಲ. ಅಲ್ಲಿಯೇ ಆಜೀವ ಪರ್ಯಂತ ವಾಹನತ್ಯಾಗದ ವ್ರತವನ್ನು ತೆಗೆದುಕೊಂಡನು. ಬೆಳಗಾವಿಯ ಸೀಮೆಗೂ ಅಜ್ಮೀರಕ್ಕೂ ನಡುವಣ ದೂರವನ್ನು ಬಲ್ಲವರಿಗೆ ಆ ವ್ರತದ ಬೆಲೆ ತಿಳಿದೀತು. ಮನೆಗೆ ಮರಳುವ ದಾರಿಯನ್ನು ತಾನೇ ಮುಚ್ಚಿಕೊಂಡ ಶಿಷ್ಯನಿಗೆ ಗುರುವು ತನ್ನ ಭಂಡಾರದ ಬಾಗಿಲನ್ನು ತೆರೆದನು.

ಎಪ್ಪತ್ತಾರರ ಗುರು, ಇಪ್ಪತ್ತರ ಶಿಷ್ಯ. ಒಬ್ಬರ ನುಡಿ ರಾಜಸ್ಥಾನದ ಹಿಂದಿ, ಇನ್ನೊಬ್ಬರ ನುಡಿ ಕೃಷ್ಣಾತೀರದ ಕನ್ನಡ. ಪಾಠವು ಭಾಷೆಯಿಂದಲೇ ಆರಂಭವಾಗಬೇಕಾಯಿತು. ಹಿಂದಿ, ಸಂಸ್ಕೃತ, ಪ್ರಾಕೃತ, ವ್ಯಾಕರಣ, ನ್ಯಾಯ, ಕಾವ್ಯ, ಕುಂದಕುಂದಾಚಾರ್ಯರ ಅಧ್ಯಾತ್ಮ ಗ್ರಂಥಗಳು ಹೀಗೆ ಕ್ರಮವಾಗಿ ಸಾಗಿತು. ಜೀವಮಾನದಲ್ಲಿ ಕೂಡಿಟ್ಟ ವಿದ್ಯೆಯನ್ನೆಲ್ಲ ಕೆಲವೇ ವರ್ಷಗಳಲ್ಲಿ ಒಬ್ಬನ ಕೈಗಿಡುವ ಆತುರ ಗುರುವಿಗಿತ್ತು, ಕೊಟ್ಟುದನ್ನು ಚೆಲ್ಲದೆ ತುಂಬಿಕೊಳ್ಳುವ ತಾಳ್ಮೆ ಶಿಷ್ಯನಿಗಿತ್ತು. 1968ರ ಜೂನ್ 30ರಂದು, ಆಷಾಢ ಶುದ್ಧ ಪಂಚಮಿಯ ದಿನ, ಅಜ್ಮೀರದಲ್ಲಿ ವಿದ್ಯಾಧರನಿಗೆ ಮುನಿದೀಕ್ಷೆಯಾಯಿತು. ಕ್ಷುಲ್ಲಕ, ಐಲಕ ಎಂಬ ಮೆಟ್ಟಿಲುಗಳನ್ನು ಹತ್ತಿಸದೆ, ಇಪ್ಪತ್ತೊಂದರ ತರುಣನಿಗೆ ನೇರವಾಗಿ ನಿರ್ಗ್ರಂಥ ದೀಕ್ಷೆಯನ್ನು ಕೊಟ್ಟುದು ಸಮಾಜದಲ್ಲಿ ಕೆಲವರಿಗೆ ಶಂಕೆಯನ್ನುಂಟುಮಾಡಿತು. ಗುರುಗಳು ಕದಲಲಿಲ್ಲ. ಪರೀಕ್ಷಿಸಿ ಕೊಟ್ಟವನು ಕೊಟ್ಟ ಮೇಲೆ ಶಂಕಿಸುವುದಿಲ್ಲ.

ಇಷ್ಟರವರೆಗಿನ ಚರಿತ್ರೆಯು ಒಬ್ಬ ಮಹಾಗುರುವಿನ, ಒಬ್ಬ ಸತ್ಪಾತ್ರ ಶಿಷ್ಯನ ಚರಿತ್ರೆ. ಮುಂದಿನದು ಅದಕ್ಕಿಂತ ಬೇರೆಯಾದುದು.

1972ರ ವೇಳೆಗೆ ಜ್ಞಾನಸಾಗರರಿಗೆ ಎಂಬತ್ತು ಕಳೆದಿತ್ತು. ಸಂಧಿವಾತದ ಬೇನೆಯಿಂದ ನಡೆಯುವುದು ದುಸ್ತರವಾಯಿತು. ಮುನಿಯ ಆಚಾರವೆಲ್ಲವೂ ಕಾಲಿನ ಮೇಲೆ ನಿಂತುದು. ವಿಹಾರಕ್ಕೆ ಕಾಲು ಬೇಕು. ನಿಂತು, ಕೈಯನ್ನೇ ಪಾತ್ರೆ ಮಾಡಿಕೊಂಡು ಆಹಾರವನ್ನು ಸ್ವೀಕರಿಸಲೂ ಕಾಲು ಬೇಕು. ಶರೀರವು ಸಂಯಮಕ್ಕೆ ಸಹಾಯಕವಾಗಿರುವವರೆಗೆ ಅದನ್ನು ಪೋಷಿಸಬೇಕು. ಅದು ಸಂಯಮಕ್ಕೆ ಅಡ್ಡಿಯಾಗಿ, ಚಿಕಿತ್ಸೆಗೂ ಬಗ್ಗದ ಸ್ಥಿತಿಗೆ ಬಂದಾಗ ಸಮತಾಭಾವದಿಂದ ಅದನ್ನು ಬಿಡಲು ಸಿದ್ಧನಾಗಬೇಕು. ಇದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಸಲ್ಲೇಖನೆಯ ತಾತ್ಪರ್ಯ. ಗುರುಗಳು ಆ ಸಿದ್ಧತೆಗೆ ತೊಡಗಿದರು.

ಇಲ್ಲಿ ಶಾಸ್ತ್ರದ ಒಂದು ಸೂಕ್ಷ್ಮವನ್ನು ತಿಳಿಯುವುದು ಅವಶ್ಯ. ಶಿವಾರ್ಯರ ಭಗವತೀ ಆರಾಧನೆಯು ಸಮಾಧಿಮರಣದ ವಿಧಿಗೆ ಪ್ರಮಾಣ ಗ್ರಂಥ. ಸಲ್ಲೇಖನೆಯನ್ನು ಬಯಸುವ ಆಚಾರ್ಯನು ಮೊದಲು ತನ್ನ ಗಣವನ್ನು ಯೋಗ್ಯನಾದ ಶಿಷ್ಯನಿಗೆ ಒಪ್ಪಿಸಬೇಕು, ಎಲ್ಲರಲ್ಲಿಯೂ ಕ್ಷಮೆ ಬೇಡಬೇಕು. ಅನಂತರ ಸ್ವಂತ ಗಣವನ್ನು ಬಿಟ್ಟು ಬೇರೊಂದು ಗಣಕ್ಕೆ ಹೋಗಿ ಅಲ್ಲಿಯ ಆಚಾರ್ಯನ ಆಶ್ರಯದಲ್ಲಿ ಸಾಧನೆ ಮಾಡಬೇಕು ಎಂದು ಅದು ವಿಧಿಸುತ್ತದೆ. ಹಾಗೆ ಸಾಧನೆ ಮಾಡುವವನು ಕ್ಷಪಕ, ಅವನನ್ನು ದಡ ಸೇರಿಸುವವನು ನಿರ್ಯಾಪಕ. ಸ್ವಂತ ಗಣವನ್ನೇಕೆ ಬಿಡಬೇಕು? ತನ್ನ ಶಿಷ್ಯರು ಹೇಳಿದ ಮಾತನ್ನು ಕೇಳದಿದ್ದರೆ ಕೊನೆಗಾಲದಲ್ಲಿ ಕೋಪವುಂಟಾದೀತು. ಅವರು ಕಣ್ಣೀರಿಟ್ಟರೆ ಮೋಹವುಂಟಾದೀತು. ಆಜ್ಞೆ ಮಾಡಿ ರೂಢಿಯಾದವನಿಗೆ ತನ್ನವರ ನಡುವೆ ಸಾಯುವುದು ಕಠಿನ. ಪ್ರಾಚೀನರು ಮನುಷ್ಯಹೃದಯವನ್ನು ಎಷ್ಟು ಆಳವಾಗಿ ಬಲ್ಲವರಾಗಿದ್ದರೆಂಬುದಕ್ಕೆ ಈ ಒಂದು ವಿಧಿಯೇ ಸಾಕ್ಷಿ.

ಜ್ಞಾನಸಾಗರರ ಕಷ್ಟವೂ ಇದೇ ಆಗಿತ್ತು. ಬೇರೆ ಗಣಕ್ಕೆ ನಡೆದುಹೋಗಲು ಕಾಲಿನಲ್ಲಿ ಶಕ್ತಿಯಿಲ್ಲ, ವಾಹನವನ್ನೇರುವಂತಿಲ್ಲ. ಶಾಸ್ತ್ರಾಜ್ಞೆಯನ್ನು ಮೀರಲು ಮನಸ್ಸಿಲ್ಲ. ಅವರು ಕಂಡುಕೊಂಡ ದಾರಿ ಸರಳವಾದುದು, ಅಷ್ಟೇ ಅಪೂರ್ವವಾದುದು. ಪರಗಣಕ್ಕೆ ತಾವು ಹೋಗಲಾರದಿದ್ದರೆ, ಸ್ವಂತ ಗಣವನ್ನೇ ಪರರದನ್ನಾಗಿ ಮಾಡಿ ಅದರಲ್ಲಿ ಶಿಷ್ಯರಾಗಿ ಸೇರಿಕೊಳ್ಳಬಹುದಲ್ಲವೆ?

ಆಚಾರ್ಯ ಪದವಿಯನ್ನು ಸ್ವೀಕರಿಸಬೇಕೆಂದು ಅವರು ವಿದ್ಯಾಸಾಗರರಿಗೆ ತಿಳಿಸಿದಾಗ ಶಿಷ್ಯರು ಹಿಂಜರಿದರು. ದೀಕ್ಷೆಯಾಗಿ ನಾಲ್ಕೇ ವರ್ಷಗಳಾಗಿದ್ದುವು, ವಯಸ್ಸು ಇಪ್ಪತ್ತಾರು. ಗುರುಗಳಿರುವಾಗ ಗುರುವಿನ ಸ್ಥಾನದಲ್ಲಿ ಕೂಡುವುದನ್ನು ಯಾವ ಸಚ್ಛಿಷ್ಯನು ತಾನೆ ಒಪ್ಪಿಯಾನು? ಆಗ ಗುರುಗಳು ಅದನ್ನು ಗುರುದಕ್ಷಿಣೆಯಾಗಿ ಬೇಡಿದರೆಂದು ಚರಿತ್ರೆ ಹೇಳುತ್ತದೆ. ಶಿಷ್ಯನಲ್ಲಿ ಕೊಡಲು ಬೇರೇನೂ ಇರಲಿಲ್ಲ; ಬೇಡಿದುದನ್ನು ನಿರಾಕರಿಸುವ ದಾರಿಯೂ ಉಳಿಯಲಿಲ್ಲ.

1972ರ ನವೆಂಬರ್ 22ರಂದು ನಸೀರಾಬಾದಿನಲ್ಲಿ ಶ್ರಾವಕಸಮುದಾಯದ ಎದುರಿಗೆ ಆ ಕಾರ್ಯ ನಡೆಯಿತು. ಜ್ಞಾನಸಾಗರರು ಆಚಾರ್ಯ ಪೀಠದಿಂದ ಕೆಳಗಿಳಿದರು. ವಿದ್ಯಾಸಾಗರರನ್ನು ಅದರ ಮೇಲೆ ಕುಳ್ಳಿರಿಸಿದರು. ತಾವು ಕೆಳಗಿನ ಆಸನದಲ್ಲಿ ಕುಳಿತು ಶಿಷ್ಯನಿಗೆ ನಮೋಸ್ತು ಎಂದು ಕೈಮುಗಿದರು. ತಮ್ಮನ್ನು ಕ್ಷಪಕನಾಗಿ ಸ್ವೀಕರಿಸಿ, ನಿರ್ಯಾಪಕಾಚಾರ್ಯರಾಗಿ ನಿಂತು ಸಮಾಧಿಯನ್ನು ಸಾಧಿಸಿಕೊಡಬೇಕೆಂದು ಪ್ರಾರ್ಥಿಸಿದರು. ಅಕ್ಷರವನ್ನು ತಿದ್ದಿಸಿದ ಎಂಬತ್ತೊಂದರ ಗುರು, ಅಕ್ಷರವನ್ನು ತಿದ್ದಿದ ಇಪ್ಪತ್ತಾರರ ಶಿಷ್ಯನ ಎದುರಿಗೆ ಶಿಷ್ಯನಾಗಿ ಕುಳಿತ ಆ ನೋಟವನ್ನು ಕಂಡ ಜನರ ಕಣ್ಣುಗಳು ಹನಿಗೂಡಿದುದು ಆಶ್ಚರ್ಯವಲ್ಲ.

ಪ್ರತಿಷ್ಠಾ ಮಹೋತ್ಸವವನ್ನು ಕಂಡವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಶಿಲ್ಪಿಯು ತಿಂಗಳುಗಟ್ಟಲೆ ಉಳಿ ಸುತ್ತಿಗೆಗಳಿಂದ ಕಲ್ಲನ್ನು ಕಡೆಯುತ್ತಾನೆ. ಅಲ್ಲಿಯವರೆಗೆ ಕಲ್ಲು ಅವನ ಅಧೀನ. ಪಂಚಕಲ್ಯಾಣವಾಗಿ, ಸೂರಿಮಂತ್ರ ಸಂಸ್ಕಾರವಾದ ಕ್ಷಣದಿಂದ ಅದೇ ಶಿಲ್ಪಿ ದೂರ ನಿಂತು ಆ ಬಿಂಬಕ್ಕೆ ಕೈಮುಗಿಯುತ್ತಾನೆ. ತಾನು ಕಡೆದುದೆಂಬ ಹಕ್ಕನ್ನು ಅವನು ಸಾಧಿಸುವುದಿಲ್ಲ. ಸಾಧಿಸಿದರೆ ಅದು ಅವನ ಪಾಲಿಗೆ ಕಲ್ಲಾಗಿಯೇ ಉಳಿದೀತು. ನಸೀರಾಬಾದಿನಲ್ಲಿ ಕೈಮುಗಿದವರು ಅಂಥ ಶಿಲ್ಪಿ.

ಆ ದಿನದ ಕಾರ್ಯವು ಒಂದು ಗಳಿಗೆಯ ಉತ್ಸವವಾಗಿ ಮುಗಿದುಹೋಗಲಿಲ್ಲ. ಅನಂತರದ ಆರು ತಿಂಗಳಿಗೆ ಮಿಕ್ಕ ಕಾಲವೇ ನಿಜವಾದ ಪರೀಕ್ಷೆ. ಜ್ಞಾನಸಾಗರರಿಗೆ ನೋವಿನಿಂದ ಮಗ್ಗುಲು ಬದಲಿಸುವುದೂ ಕಷ್ಟವಾಗಿತ್ತೆಂದೂ, ವಿದ್ಯಾಸಾಗರರು ಹಗಲಿರುಳೆನ್ನದೆ ಬಳಿಯಲ್ಲಿದ್ದು ಎತ್ತಿ ಕೂರಿಸುವುದು, ಮಲಗಿಸುವುದು, ಶರೀರವನ್ನು ಒತ್ತುವುದು ಮೊದಲಾದ ಸೇವೆಗಳನ್ನು ಕೈಯಾರೆ ಮಾಡಿದರೆಂದೂ ತಿಳಿದವರು ಬರೆದಿದ್ದಾರೆ. ಪದವಿಯಿಂದ ಗುರು, ಸೇವೆಯಿಂದ ಶಿಷ್ಯ. ಈ ಎರಡು ಪಾತ್ರಗಳನ್ನೂ ಏಕಕಾಲದಲ್ಲಿ ನಿರ್ವಹಿಸುವ ಭಾರ ಆ ತರುಣ ಆಚಾರ್ಯರ ಮೇಲೆ ಬಿದ್ದಿತು. ನಿರ್ಯಾಪಕನು ಕೇವಲ ಉಪಚಾರಕನಲ್ಲ. ಕ್ಷಪಕನ ಶಕ್ತಿಯನ್ನು ತೂಗಿನೋಡಿ ಯಾವ ಆಹಾರವನ್ನು ಎಂದು ಬಿಡಿಸಬೇಕೆಂಬುದನ್ನು ಅವನೇ ನಿಶ್ಚಯಿಸಬೇಕು. ವೇದನೆಯಿಂದ ಚಿತ್ತ ಕದಡಿದರೆ ಧರ್ಮದ ಮಾತಿನಿಂದ ಅದನ್ನು ನಿಲ್ಲಿಸಬೇಕು. ಅವಸರ ಕಂಡರೆ ತಡೆಯಬೇಕು. ಒಬ್ಬ ಕ್ಷಪಕನಿಗೆ ನಲವತ್ತೆಂಟು ನಿರ್ಯಾಪಕರಿರುವುದು ಉತ್ತಮವೆಂದೂ, ಕಾಲದೋಷದಿಂದ ಕಡಿಮೆಯಾದರೂ ಇಬ್ಬರಾದರೂ ಇರಬೇಕೆಂದೂ ಭಗವತೀ ಆರಾಧನೆ ಹೇಳುವುದು ಈ ಹೊಣೆಯ ಗುರುತ್ವವನ್ನು ತೋರಿಸುತ್ತದೆ. ನಸೀರಾಬಾದಿನ ಸಂಘವು ಚಿಕ್ಕದು. ಹೆಚ್ಚಿನ ಹೊಣೆ ಒಬ್ಬರದೇ ಆಯಿತು.

ಈ ತಿಂಗಳುಗಳಲ್ಲಿ ಗುರುಗಳು ಹೊಸ ಗ್ರಂಥವೊಂದನ್ನು ಪಾಠ ಹೇಳುವ ಅಗತ್ಯವಿರಲಿಲ್ಲ. ಸಮಯಸಾರದಲ್ಲಿ ಆತ್ಮ ಬೇರೆ, ಶರೀರ ಬೇರೆ ಎಂದು ಓದಿಸಿದ ಗುರುವು ಬೇನೆಯಿಂದ ಹಿಂಡಿಹೋಗುತ್ತಿದ್ದ ಶರೀರದಲ್ಲಿದ್ದು ಅದನ್ನು ತೋರಿಸಿದನು. ಓದಿದುದು ನಿಜವೋ ಅಲ್ಲವೋ ಎಂಬುದನ್ನು ಶಿಷ್ಯನು ಹಾಸಿಗೆಯಿಲ್ಲದ ಆ ಹಲಗೆಯ ಬದಿಯಲ್ಲಿ ಕುಳಿತು ಕಂಡುಕೊಂಡನು. ಆಹಾರವು ಶಾಸ್ತ್ರಕ್ರಮದಲ್ಲಿ ಮೆಲ್ಲಮೆಲ್ಲನೆ ಇಳಿಯಿತು; ಮೊದಲು ಧಾನ್ಯ, ಅನಂತರ ಪೇಯ, ಕೊನೆಗೆ ನೀರು. 1973ರ ಜೂನ್ 1ರಂದು, ಜ್ಯೇಷ್ಠ ಮಾಸದ ಬಿರುಬೇಸಗೆಯಲ್ಲಿ, ಅಮಾವಾಸ್ಯೆಯ ದಿನ ಮಧ್ಯಾಹ್ನಕ್ಕೆ ಮೊದಲು ಜ್ಞಾನಸಾಗರರು ಸಮಾಧಿಸ್ಥರಾದರು.

ಇಂಥ ಮರಣವನ್ನು ಆತ್ಮಹತ್ಯೆಯೊಡನೆ ಒಂದಾಗಿ ಎಣಿಸುವವರೂ ಇದ್ದಾರೆ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನೆಯನ್ನು ದಂಡನೀಯವೆಂದು ತೀರ್ಮಾನಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ನ್ಯಾಯಾಲಯದ ವಾದಗಳು ಹೇಗೇ ಇರಲಿ, ನಸೀರಾಬಾದಿನ ವೃತ್ತಾಂತವನ್ನು ಶಾಂತವಾಗಿ ಓದಿದವರಿಗೆ ಒಂದು ಅಂತರ ಕಾಣದಿರದು. ಬದುಕಿನಿಂದ ಓಡಿಹೋಗುವವನು ಯಾರಿಗೂ ಹೇಳದೆ, ಯಾವ ಹೊಣೆಯನ್ನೂ ತೀರಿಸದೆ, ಒಂಟಿಯಾಗಿ ಹೋಗುತ್ತಾನೆ. ಇಲ್ಲಿಯಾದರೋ ಹೊಣೆಯನ್ನು ಒಪ್ಪಿಸುವುದೇ ಮೊದಲ ಹೆಜ್ಜೆ, ಕ್ಷಮೆ ಕೇಳುವುದು ಎರಡನೆಯದು, ಇನ್ನೊಬ್ಬರ ಆಜ್ಞೆಗೆ ಒಳಗಾಗುವುದು ಮೂರನೆಯದು. ಆಹಾರದ ಮಾತು ಬರುವುದು ಇವೆಲ್ಲದರ ತರುವಾಯ.

ಗುರುವನ್ನು ಕಳೆದುಕೊಂಡ ವಿದ್ಯಾಸಾಗರರು ಮುಂದಿನ ಐವತ್ತು ವರ್ಷಗಳಲ್ಲಿ ಮಾಡಿದ ಕಾರ್ಯವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಬುಂದೇಲಖಂಡದ ಊರೂರುಗಳಲ್ಲಿ ಕಾಲ್ನಡಿಗೆಯಿಂದ ಸಂಚರಿಸಿ, ಉಪ್ಪು ಸಕ್ಕರೆಗಳನ್ನೂ ತ್ಯಜಿಸಿ, ನೂರಕ್ಕೂ ಮಿಕ್ಕ ಮುನಿಗಳಿಗೆ ದೀಕ್ಷೆಯನ್ನು ಕೊಟ್ಟರು. 1988ರಲ್ಲಿ ಪ್ರಕಟವಾದ ಅವರ ಹಿಂದಿ ಮಹಾಕಾವ್ಯ ಮೂಕಮಾಟಿಯಲ್ಲಿ ತುಳಿತಕ್ಕೊಳಗಾದ ಮಣ್ಣು ಕುಂಬಾರನ ಕೈಸೇರಿ, ನೀರಿನಲ್ಲಿ ನೆನೆದು, ಚಕ್ರದಲ್ಲಿ ತಿರುಗಿ, ಆವಿಗೆಯಲ್ಲಿ ಬೆಂದು ಮಂಗಲಕುಂಭವಾಗುತ್ತದೆ. ಕನ್ನಡ ನೆಲದ ಮಣ್ಣು ಅಜ್ಮೀರದ ಕುಂಬಾರನ ಕೈಯಲ್ಲಿ ಏನಾಯಿತೆಂಬುದನ್ನು ಬಲ್ಲವರು ಆ ಕಾವ್ಯವನ್ನು ಬೇರೊಂದು ಕಣ್ಣಿನಿಂದಲೂ ಓದುತ್ತಾರೆ.

ಆದರೆ ನಸೀರಾಬಾದಿನಲ್ಲಿ ಕಲಿತ ಪಾಠವನ್ನು ಒಪ್ಪಿಸುವ ದಿನ ಇನ್ನೂ ಬರಬೇಕಾಗಿತ್ತು. ಅದು ಬಂದುದು 2024ರಲ್ಲಿ, ಛತ್ತೀಸಗಢದ ಡೊಂಗರಗಢದ ಚಂದ್ರಗಿರಿ ತೀರ್ಥದಲ್ಲಿ. ಫೆಬ್ರವರಿ 6ರಂದು ವಿದ್ಯಾಸಾಗರರು ಆಚಾರ್ಯ ಪದವಿಯನ್ನು ತ್ಯಜಿಸಿ, 1980ರಲ್ಲಿ ತಮ್ಮಿಂದ ದೀಕ್ಷೆ ಪಡೆದ ಹಿರಿಯ ಶಿಷ್ಯ ಸಮಯಸಾಗರರಿಗೆ ಅದು ಸಲ್ಲಬೇಕೆಂದು ತಿಳಿಸಿದರು. ಮೂರು ದಿನಗಳ ಉಪವಾಸ ಮತ್ತು ಮೌನದ ತರುವಾಯ ಫೆಬ್ರವರಿ 18ರ ಬೆಳಗಿನ ಜಾವಕ್ಕೆ ಮುನ್ನ, ಎಪ್ಪತ್ತೇಳರ ವಯಸ್ಸಿನಲ್ಲಿ, ದೇಹವನ್ನು ತ್ಯಜಿಸಿದರು. ಅಷ್ಟು ದೊಡ್ಡ ಸಂಘದ, ಅಷ್ಟು ಕೀರ್ತಿಯ ಪೀಠವನ್ನು ಅವರು ಕೊನೆಯುಸಿರಿನವರೆಗೆ ಹಿಡಿದುಕೊಳ್ಳಲಿಲ್ಲ. ಐವತ್ತೊಂದು ವರ್ಷಗಳ ಹಿಂದೆ ಗುರುವು ಇಳಿದುದನ್ನು ಕಂಡಿದ್ದವರು ಹತ್ತಿದಷ್ಟೇ ಸಹಜವಾಗಿ ಇಳಿದರು. ಅದೇ ಏಪ್ರಿಲ್‌ನಲ್ಲಿ ಕುಂಡಲಪುರದಲ್ಲಿ ಸಮಯಸಾಗರರ ಪದಾರೋಹಣವಾಯಿತು.

ಈ ಪರಂಪರೆಯ ಮೂಲವನ್ನು ಹುಡುಕಿದರೆ ಕಾಣುವುದು ಮತ್ತೆ ಕನ್ನಡದ ನೆಲವೇ. ಜ್ಞಾನಸಾಗರರಿಗೆ ದೀಕ್ಷೆಯನ್ನು ಕೊಟ್ಟವರು ಶಿವಸಾಗರರು, ಅವರ ಗುರುಗಳು ವೀರಸಾಗರರು, ಅವರ ಗುರುಗಳು ಆಚಾರ್ಯ ಶಾಂತಿಸಾಗರರು. 1955ರಲ್ಲಿ ಕುಂಥಲಗಿರಿಯಲ್ಲಿ ಮೂವತ್ತಾರು ದಿನಗಳ ಸಲ್ಲೇಖನೆಯನ್ನು ಕೈಗೊಂಡ ಶಾಂತಿಸಾಗರರು, ಆಗ ದೂರದ ಜಯಪುರದಲ್ಲಿದ್ದ ವೀರಸಾಗರರಿಗೆ ಪತ್ರಮುಖೇನ ಆಚಾರ್ಯ ಪದವಿಯನ್ನು ಕಳುಹಿಸಿಕೊಟ್ಟಿದ್ದರು. ಶಾಂತಿಸಾಗರರ ಭೋಜ ಗ್ರಾಮವೂ, ವಿದ್ಯಾಸಾಗರರ ಸದಲಗವೂ ಹಳೆಯ ಚಿಕ್ಕೋಡಿ ತಾಲ್ಲೂಕಿನ ಊರುಗಳು. ಅಲ್ಲಿಂದ ಉತ್ತರಕ್ಕೆ ಹೋದ ದೀಪವೊಂದು ಮೂರು ಕೈಗಳನ್ನು ದಾಟಿ ಅದೇ ನೆಲದ ಮಗನ ಕೈಗೆ ಮರಳಿತು. ದೀಪವು ಹೀಗೆ ನಡೆಯುವುದು ಹಿಡಿದವರು ಬಿಡಲು ಕಲಿತಿರುವುದರಿಂದ.

ಗೃಹಸ್ಥರಿಗೆ ಈ ವೃತ್ತಾಂತದಿಂದ ಕಲಿಯುವುದೇನೆಂಬ ಪ್ರಶ್ನೆ ಸಹಜ. ಮುನಿಮಾರ್ಗವು ಎಲ್ಲರಿಗೂ ಸಾಧ್ಯವಾದುದಲ್ಲ. ಆದರೆ ಪೀಠವು ಮುನಿಗಳಿಗೆ ಮಾತ್ರ ಇರುವುದೆಂದು ಭಾವಿಸಬೇಕಾಗಿಲ್ಲ. ಮಳಿಗೆಯ ಗಾದಿ ಒಂದು ಪೀಠ, ತಿಜೋರಿಯ ಬೀಗದಕೈ ಒಂದು ಪೀಠ, ಮನೆಯ ಹಿರಿತನ ಒಂದು ಪೀಠ, ಬಸದಿಯ ಆಡಳಿತ ಒಂದು ಪೀಠ. ಮಗನು ಐವತ್ತು ದಾಟಿದರೂ ಬೀಗದಕೈಯನ್ನು ಸೊಂಟದಿಂದ ಬಿಚ್ಚದ ತಂದೆಯರು ಎಷ್ಟು ಜನವಿಲ್ಲ? ತಾವಿಲ್ಲದೆ ವ್ಯವಹಾರ ನಡೆಯದೆಂದು ನಂಬಿ, ಲೆಕ್ಕವನ್ನು ಯಾರಿಗೂ ತಿಳಿಸದೆ ಕಣ್ಣು ಮುಚ್ಚಿದವರ ಮನೆಗಳು ಅಣ್ಣತಮ್ಮಂದಿರ ಜಗಳದಲ್ಲಿ ಒಡೆದುದನ್ನು ಪ್ರತಿಯೊಂದು ಊರೂ ಕಂಡಿದೆ. ಮಕ್ಕಳಿಗೆ ಕಲಿಸಿದರೂ ಒಪ್ಪಿಸದವರಿದ್ದಾರೆ. ಒಪ್ಪಿಸಿದ ಮೇಲೂ ಹಿಂದೆ ನಿಂತು ಆಜ್ಞೆ ಮಾಡುವವರಿದ್ದಾರೆ. ಒಪ್ಪಿಸಿ, ಕೆಳಗಿನ ಮಣೆಯ ಮೇಲೆ ಕುಳಿತು, ನಿನ್ನ ಮಾತಿನಂತೆ ನಡೆಯುವೆನೆಂದು ಹೇಳುವವರು ವಿರಳ.

ಜ್ಞಾನಸಾಗರರು ಕೊಟ್ಟುದರಲ್ಲಿ ವ್ಯಾಕರಣವೂ ಸಿದ್ಧಾಂತವೂ ಇದ್ದುವು. ಅವನ್ನು ಬೇರೆ ಪಂಡಿತರೂ ಕೊಡಬಹುದಾಗಿತ್ತು. ಇಳಿಯುವುದು ಹೇಗೆಂಬುದನ್ನು ಇಳಿದವನೇ ಕಲಿಸಬೇಕು. ಶಿಷ್ಯನು ಅದನ್ನು ಐವತ್ತೊಂದು ವರ್ಷ ಮರೆಯದೆ ಇಟ್ಟುಕೊಂಡು, ತನ್ನ ಸರದಿ ಬಂದಾಗ ತಪ್ಪಿಲ್ಲದೆ ಒಪ್ಪಿಸಿದನು. ಈ ಪ್ರತಿಷ್ಠಾ ಮಹೋತ್ಸವದಲ್ಲಿ ಬಿಂಬವು ವೇದಿಯನ್ನೇರುವುದನ್ನು ಕಣ್ತುಂಬ ನೋಡುವ ಶ್ರಾವಕ ಶ್ರಾವಿಕೆಯರು, ಅದನ್ನು ಕಡೆದ ಶಿಲ್ಪಿ ಜನರ ನಡುವೆ ಎಲ್ಲಿ ನಿಂತು ಕೈಮುಗಿಯುತ್ತಿರುವನೆಂಬುದನ್ನೂ ಒಮ್ಮೆ ನೋಡುವುದು ಉಚಿತ.